ಕೈಗೂ ನೋವಿಗೂ ಸಂಬಂಧ

ಆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಮಕ್ಕಳಿಗೆಂದೇ ಒಂದು ಕುರ್ಚಿ ಇದೆ. ಮಕ್ಕಳ ರಕ್ತ ತೆಗೆಯುವುದೆಂದರೆ ಹುಡುಗಾಟವಲ್ಲ, ಸೂಜಿ ಕಂಡರೆ ಸಾಕು, ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತವೆ. ಹತ್ತೊಂಬತ್ತು ವರ್ಷದಿಂದ ಆ ಕುರ್ಚಿ, ಅಂದರೆ ಅಲ್ಲಿ ಕೂತ ಮಕ್ಕಳಿಗೆ ಚುಚ್ಚುವ ಕೆಲಸ, ಲ್ಯಾಬಿನ ಹಿರಿಯಳಾದ ದೊಡ್ಡಕ್ಕನದು. ಈಗ, ಬಂದು ಆರು ತಿಂಗಳೂ ಆಗದ ಗುಬ್ಬಚ್ಚಿಗೆ ಅದನ್ನು ಕೊಟ್ಟರೆ ಹೇಗೆ ಎಂದು ಡಾಕ್ಟರಿಗೆ ಅನ್ನಿಸಿದೆ. ಸಣ್ಣ ಮೈ, ಸಣ್ಣ ದನಿ, ಅದಕ್ಕೇ ಗುಬ್ಬಚ್ಚಿ. ಆದರೆ ಅವಳ ಕೈ! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸೂಜಿ ಹೊರಗೆ ಬಂದಿರುತ್ತದೆ, ಮಗು ಇನ್ನೂ "ಯಾವಾಗ ಚುಚ್ತೀರಿ?" ಎಂದು ಕೇಳುತ್ತಿರುತ್ತದೆ.

ದೊಡ್ಡಕ್ಕನಿಗೆ ಹೊಟ್ಟೆಯುರಿ. ಅವಳ ನಗು ಕಂಡರೂ ಉರಿ, ಅವಳ ಚಪ್ಪಲಿ ಕಂಡರೂ ಉರಿ. ಕುರ್ಚಿ ಹೋದರೆ ತನಗೆ ಇಲ್ಲಿ ಏನು ಬೆಲೆ?

"ಜಗಳ ಬೇಡ, ಬಂದವರನ್ನೇ ಕೇಳೋಣ" ಎಂದರು ಡಾಕ್ಟರು. ಒಂದು ಚೀಟಿ, ಎರಡೇ ಪ್ರಶ್ನೆ: ರಕ್ತ ತೆಗೆದವರು ಯಾರು? ನೋವಾಯಿತೇ, ಇಲ್ಲವೇ? ಲೆಕ್ಕ ನೋಡುವವನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ದೊಡ್ಡಕ್ಕನ ತಮ್ಮ. ಚೀಟಿ ಪೆಟ್ಟಿಗೆಯ ಕೀಲಿ ಯಾರ ಹತ್ತಿರ? ದೊಡ್ಡಕ್ಕನ ಹತ್ತಿರವೇ. ಕಳ್ಳನ ಕೈಗೆ ಕೀಲಿ ಕೊಡುವುದು ಅಂದರೆ ಇದೇ ನೋಡಿ.

ವಾರದ ಕೊನೆಗೆ ಬಾಗಿಲು ಹಾಕಿಕೊಂಡು ಎಣಿಸಿದಳು. ಇಬ್ಬರಿಗೂ ನೂರು ನೂರು ಚೀಟಿ. ನೋವಾಯಿತು ಎಂದವರು ತನಗೆ ಮೂವತ್ತೆಂಟು, ಗುಬ್ಬಚ್ಚಿಗೆ ಇಪ್ಪತ್ನಾಲ್ಕು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಗುಬ್ಬಚ್ಚಿಯ 'ನೋವಾಗಲಿಲ್ಲ' ಚೀಟಿಗಳಲ್ಲಿ ಇಪ್ಪತ್ತೆರಡನ್ನು ಚೂರುಚೂರು ಮಾಡಿ ಕಕ್ಕಸಿಗೆ ಹಾಕಿ ನೀರು ಬಿಟ್ಟಳು. ಇಬ್ಬರೂ ಸಮ ಎಂದಾದರೆ ಸಾಕು, ಹಿರಿಯಳೆಂದು ಕುರ್ಚಿ ತನಗೇ ಉಳಿಯುತ್ತದೆ. ಅದು ಅವಳ ಲೆಕ್ಕ.

ಲೆಕ್ಕಕ್ಕೆ ಕೂತ ತಮ್ಮ, ಹಾಳೆಯ ಮೇಲೆ ನಾಲ್ಕು ಮನೆ ಗೀಚಿದ. "ಅವಳದು ಎಪ್ಪತ್ತೆಂಟೇ ಇದೆಯಲ್ಲಕ್ಕ, ಚೀಟಿ ಎಲ್ಲಾ ಬಂದಿದೆ ತಾನೆ?"

"ಬರದೆ ಏನು? ನಾನೇನು ತಿಂದ್ನಾ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳಂತೆ.

"ಸರಿ ಬಿಡು, ಯಾಕೆ ರೇಗ್ತೀಯ? ನೋಡಿಲ್ಲಿ. ನೂರ ಎಪ್ಪತ್ತೆಂಟರಲ್ಲಿ ನೋವು ಅಂದವರು ಅರವತ್ತೆರಡು. ಕೈಗೂ ನೋವಿಗೂ ಸಂಬಂಧವೇ ಇಲ್ಲ ಅಂದ್ಕೋ. ಆಗ ನಿನ್ನ ನೂರರಲ್ಲಿ ಸುಮಾರು ಮೂವತ್ತೈದು ಇರ್ಬೇಕು, ಇರೋದು ಮೂವತ್ತೆಂಟು. ಅವಳಿಗೆ ಇಪ್ಪತ್ತೇಳು ಇರ್ಬೇಕು, ಇರೋದು ಇಪ್ಪತ್ನಾಲ್ಕು. ಇಷ್ಟು ಹೆಚ್ಚುಕಮ್ಮಿ ಹಾಗೇ ಸುಮ್ಮನೆ ಆಗತ್ತೆ. ಸಂಬಂಧ ಇದೆ ಅನ್ನೋಕೆ ಸಾಕ್ಷಿ ಇಲ್ಲ."

ಅಬ್ಬಾ! ದೊಡ್ಡಕ್ಕನಿಗೆ ಹೋದ ಜೀವ ಬಂದಂತಾಯಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು.

ಸೋಮವಾರ ಬೆಳಿಗ್ಗೆ ಡಾಕ್ಟರು ಹಾಳೆ ಓದಿ ಕನ್ನಡಕ ತೆಗೆದರು. "ಒಳ್ಳೇದಾಯ್ತು ದೊಡ್ಡಕ್ಕ. ನಿಮ್ಮ ಕೈಯೇ ಮೇಲು ಅಂತ ಬಂದಿದ್ರೆ ನಿಮ್ಮನ್ನು ಅಲ್ಲಿಂದ ಸರಿಸೋಕೆ ನಂಗೆ ಬಾಯೇ ಬರ್ತಿರ್ಲಿಲ್ಲ. ಯಾರು ಚುಚ್ಚಿದ್ರೂ ಒಂದೇ ಅಂದ್ಮೇಲೆ, ಬಗ್ಗಿ ಬಗ್ಗಿ ನಿಮ್ಮ ಬೆನ್ನು ಯಾಕೆ ಮುರೀಬೇಕು? ಚಿಕ್ಕವಳು ನಿಲ್ಲಲಿ."

ಡಾಕ್ಟರು ಚಾಚಿದ ಹಾಳೆಯನ್ನು ದೊಡ್ಡಕ್ಕ ಇಸಿದುಕೊಂಡಳು. ಸುಳ್ಳು ಲೆಕ್ಕ ಅನ್ನೋಣವೆಂದರೆ, ಸುಳ್ಳು ಮಾಡಿದವಳು ತಾನೇ. ಅಷ್ಟರಲ್ಲಿ ಗುಬ್ಬಚ್ಚಿ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು.

"ದೊಡ್ಡಕ್ಕ, ನನ್ನ ಕೈ ನಿಮ್ಮ ಕೈಗೆ ಸಮ ಅಂತೆ! ಕುರ್ಚಿ ಬೇಕಾದ್ರೆ ನೀವೇ ಇಟ್ಕೊಳ್ಳಿ. ಆ ಹಾಳೆ ಮಾತ್ರ ನಂಗೆ ಕೊಡ್ತೀರಾ? ಅಮ್ಮಂಗೆ ತೋರಿಸ್ಬೇಕು."

ದೊಡ್ಡಕ್ಕ ಹಾಳೆ ಕೊಟ್ಟಳು. ಈ ಹುಡುಗಿ ತನಗೆ ಸಮವಲ್ಲ, ತನಗಿಂತ ಮೇಲು. ಅದು ಗೊತ್ತಿರುವುದು ಜಗತ್ತಿನಲ್ಲಿ ತನಗೊಬ್ಬಳಿಗೇ. ಅರ್ಧ ಮರ್ಯಾದೆ ಸಿಕ್ಕಿದ್ದಕ್ಕೇ ಇಷ್ಟು ಹಿಗ್ಗುತ್ತಾಳಲ್ಲ ಇವಳು ಎಂದು, ಅವಳ ಹೊಟ್ಟೆ ಹಿಂದೆಂದೂ ಉರಿಯದಷ್ಟು ಉರಿಯಿತು.