ಹೋಳಿಗೆಯ ಸುಳಿವು

ಮಿಕ್ಸರ್ ನಿಲ್ಲಿಸಿ ವನಿತಾ ಕಿವಿಗೊಟ್ಟಳು. ಪಡಸಾಲೆಯ ಆಚೆಗಿನ ಕೋಣೆಯಲ್ಲಿ ಮಗ್ಗ ಬಡಿಯುತ್ತಲೇ ಇತ್ತು. ಅಂದರೆ ಅತ್ತೆ ಇನ್ನೂ ಮಗ್ಗ ಬಿಟ್ಟು ಎದ್ದಿಲ್ಲ. ಹೂರಣ ಮೆತ್ತಿದ ಬೆರಳಲ್ಲೇ ಫೋನ್ ಒತ್ತಿ ಗಂಡನಿಗೆ ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮೌನೇಶ ಗದಗಿನ ಒಂದು ಪ್ರೆಸ್ಸಿನಲ್ಲಿ ಮದುವೆ ಕಾರ್ಡು ಅಚ್ಚು ಹಾಕುವವನು. ಇವತ್ತು ಕೆಲಸದ ಗದ್ದಲ ಬಹಳ, ಟಿವಿ ನೋಡಲಿಕ್ಕೆ ಮನೆಗೆ ಬರಲಾಗುವುದಿಲ್ಲ ಎಂದು ಬೆಳಿಗ್ಗೆ ಬೈಕ್ ಹತ್ತುವಾಗಲೇ ಓಣಿಗೆಲ್ಲ ಕೇಳುವಂತೆ ಹೇಳಿ ಹೋಗಿದ್ದ. ಗದ್ದಲವಂತೆ ಗದ್ದಲ. ಹೆಂಡತಿಯನ್ನು ಮುಂದೆ ಬಿಟ್ಟು ತಾನು ಪಾರಾಗುವ ಹೂಟ ಅದು.

ಮಧ್ಯಾಹ್ನ ಒಂದು ಗಂಟೆಗೆ 'ಸುಳಿವಿನ ಸಂತೆ' ಬರುತ್ತದೆ. ಅದರಲ್ಲಿ ಗಂಡ ಹೆಂಡತಿ ಎದುರುಬದುರು ಕೂರಬೇಕು. ಗಂಡನ ಬೆನ್ನ ಹಿಂದಿನ ಪರದೆಯಲ್ಲಿ ಒಂದು ಶಬ್ದ ಮೂಡುತ್ತದೆ. ಹೆಂಡತಿ ಒಂದೇ ಮಾತಿನ ಸುಳಿವು ಕೊಡಬೇಕು, ಗಂಡ ಆ ಶಬ್ದ ಯಾವುದೆಂದು ಹೇಳಬೇಕು. ಬೆಟಗೇರಿಯ ಆ ಓಣಿಯ ಹೆಂಗಸರೆಲ್ಲ ಊಟ ಮುಗಿಸಿ ಕೂತು ನೋಡುವ ಆಟ. ವನಿತಾ ಏನೋ ಹುಕಿಗೆ ಬಿದ್ದು ವಾಟ್ಸಾಪಿನಲ್ಲಿ ಹೆಸರು ಕಳಿಸಿದ್ದಳು, ಕರೆದೇಬಿಟ್ಟರು. ಹೋದ ತಿಂಗಳು ಇಬ್ಬರೂ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಆಡಿ, ಫ್ರಿಜ್ ಗೆದ್ದು ಬಂದಿದ್ದರು. ಅದನ್ನು ಇವತ್ತು ತೋರಿಸುತ್ತಾರೆ.

ಗೆದ್ದದ್ದು ಹೇಗೆ ಎನ್ನುವುದೇ ಸಂಕಟ. ಕಡೆಯ ಸುತ್ತು. ಗಡಿಯಾರ ಓಡುತ್ತಿತ್ತು. ಪರದೆಯ ಮೇಲೆ 'ಅಂಜಿಕೆ' ಎಂದು ಬಂತು. ಹಾವು ಅನ್ನಬಹುದಿತ್ತು. ಕತ್ತಲೆ ಅನ್ನಬಹುದಿತ್ತು. ದೆವ್ವ ಅಂದಿದ್ದರೆ ಎಂಥ ಗಂಡನಿಗೂ ಹೊಳೆಯುತ್ತಿತ್ತು. ವನಿತಾಳ ಬಾಯಿಂದ ಬಂದದ್ದು "ನಿಮ್ಮವ್ವ". ಆಕೆ ನಾಲಿಗೆ ಕಚ್ಚಿಕೊಳ್ಳುವುದರೊಳಗೆ ಮೌನೇಶ "ಅಂಜಿಕಿ" ಅಂದಾಗಿತ್ತು. ಸ್ಟುಡಿಯೋದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಿರೂಪಕಿ ಕಣ್ಣೊರೆಸಿಕೊಂಡು, ಅತ್ತೆಯವರಿಗೊಂದು ಜೋರು ಚಪ್ಪಾಳೆ ಅಂದಳು. ಅದನ್ನೂ ಹೊಡೆದರು.

ಬರುವಾಗ ರೈಲಿನಲ್ಲಿ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗದಗ ಬರುವ ಹೊತ್ತಿಗೆ ಒಂದು ಸುಳ್ಳು ತಯಾರಾಗಿತ್ತು. ಯಾವ ಶಬ್ದಕ್ಕೆ ಫ್ರಿಜ್ ಬಂತು ಎಂದು ಅತ್ತೆ ಅಮೃತವ್ವ ಕೇಳಿದಾಗ, ಇಕಿ ಹೋಳಿಗಿ ಅಂದಳು, ನಾ ಹಬ್ಬ ಅಂದೆ ಎಂದ ಮೌನೇಶ. ಅತ್ತೆಯ ಮುಖ ಅರಳಿದ್ದನ್ನು ವನಿತಾ ಅವತ್ತು ನೋಡಿದಳು. ಆ ಮನೆಯಲ್ಲಿ ಹೋಳಿಗೆ ಎಂದರೆ ಅಮೃತವ್ವ ಮಾಡಿದ ಹೋಳಿಗೆ, ಬೇರೆ ಇಲ್ಲ. ಫ್ರಿಜ್ ಬಂದ ದಿನ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಮಕ್ಕಳು ದೂರದೂರಿಗೆ ಹೋದರೂ ತನ್ನ ಹೋಳಿಗೆಯೇ ನೆನಪಾಗಿದ್ದನ್ನು ಮನೆಮನೆಗೆ ಹೋಗಿ ಹೇಳಿ ಬಂದಳು. ಇವತ್ತು ಎಲ್ಲರನ್ನೂ ಕರೆದಿದ್ದಾಳೆ. ಗೆದ್ದದ್ದು ಹೋಳಿಗೆಯಿಂದ ಅಂದಮೇಲೆ ಕರೆದವರಿಗೆ ತಿನ್ನಿಸುವುದೂ ಹೋಳಿಗೆಯನ್ನೇ.

ಮಗ್ಗದ ಸಪ್ಪಳ ನಿಂತಿತು.

ವನಿತಾಳ ಕೈ ತಾನಾಗಿಯೇ ಗ್ಯಾಸಿನ ಗುಂಡಿಗೆ ಹೋಗಿ ಉರಿ ಸಣ್ಣ ಮಾಡಿತು. ಅತ್ತೆ ಎಂದರೆ ಬಾಯಿ ಮಾಡುವವಳು ಎಂದುಕೊಂಡವರಿಗೆ ಅಮೃತವ್ವ ಗೊತ್ತಿಲ್ಲ. ವನಿತಾ ಶಿರಹಟ್ಟಿಯಿಂದ ಸೊಸೆಯಾಗಿ ಬಂದ ದಿನದಿಂದ ಒಂದು ಬೈಗುಳ ಆಡಿದವಳಲ್ಲ. ಮಗ್ಗ ನಿಲ್ಲುತ್ತದೆ. ಬರಿಗಾಲಲ್ಲಿ ಬಂದು ಬೆನ್ನ ಹಿಂದೆ ನಿಂತಿರುತ್ತಾಳೆ. ಅನ್ನದ ಮುಚ್ಚಳ ಎತ್ತಿ ನೋಡುತ್ತಾಳೆ. ತೊಳೆದಿಟ್ಟ ಬಟ್ಟಲನ್ನು ಇನ್ನೊಮ್ಮೆ ತೊಳೆದು ಬೋರಲು ಹಾಕುತ್ತಾಳೆ. "ಇರ್ಲಿ ಬಿಡು" ಅಂದು ಹೋಗುತ್ತಾಳೆ. ಅದರ ಬದಲು ನಾಲ್ಕು ಬೈದಿದ್ದರೆ ತಾನೂ ಅತ್ತು ಹಗುರಾಗುತ್ತಿದ್ದೆ ಎಂದು ವನಿತಾಗೆ ಎಷ್ಟೋ ಸಲ ಅನಿಸಿದೆ. ಮೌನೇಶನಾದರೂ ಏನು, ಮಗ್ಗ ನಿಂತರೆ ಸಾಕು, ಫೋನ್ ಜೇಬಿಗಿಳಿಸಿ ನೆಟ್ಟಗೆ ಕೂರುವ ಗಂಡಸು.

ಅಮೃತವ್ವ ಒಳಗೆ ಬಂದು ಚಿಟಿಕೆ ಹೂರಣ ತೆಗೆದು ಎರಡು ಬೆರಳ ನಡುವೆ ತಿಕ್ಕಿ ನೋಡಿದಳು, ನಾಲಿಗೆಗೆ ಹಚ್ಚಿಕೊಂಡಳು. ಬೆಲ್ಲ ಒಂದೀಟು ಕಡಿಮೆಯಾಗಿತ್ತು. ಇರ್ಲಿ ಬಿಡು ಅಂದಳು. ಇದೇ ಹೊತ್ತು, ಈಗ ಹೇಳದಿದ್ದರೆ ಮುಗೀತು ಎಂದು ವನಿತಾ ಸೆರಗಿಗೆ ಕೈ ಒರೆಸಿಕೊಂಡಳು.

"ಅತ್ತಿ, ಒಂದು ಮಾತು ಹೇಳೂದಿತ್ರಿ."

"ಹೇಳು."

ಅತ್ತೆ ಪೂರಾ ತಿರುಗಿ ನೋಡಿದಳು. ಆ ಎರಡು ಕಣ್ಣು ನೋಡಿದ್ದೇ ತಡ, ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ.

"ಯಾಲಕ್ಕಿ ಮುಗದಾವ್ರಿ."

ಅಮೃತವ್ವ ಕೈ ಚಾಚಿ ಡಬ್ಬಿ ಇಳಿಸಿ ತೆರೆದಳು. ಏಲಕ್ಕಿ ಕಂಠಮಟ ತುಂಬಿತ್ತು. ಸೊಸೆಯ ಮುಖ ಒಮ್ಮೆ ನೋಡಿ, ಮುಚ್ಚಳ ಹಾಕಿ, ಮಣೆ ಎಳೆದುಕೊಂಡು ತಾನೇ ಕಣಕ ತಟ್ಟಲು ಕುಳಿತಳು. ಹೋಳಿಗೆ ತಟ್ಟುವಾಗ ಆಕೆಯ ಬಾಯಲ್ಲಿ ಸಣ್ಣಗೆ ಯಾವುದೋ ಪದ ಓಡುತ್ತಿತ್ತು. ಅತ್ತೆ ಹಾಡಿದ್ದನ್ನು ವನಿತಾ ಕೇಳಿರಲೇ ಇಲ್ಲ. ಬೇಯಿಸುತ್ತಾ ನಿಂತವಳು ಮತ್ತೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಎದುರು ಮನೆಯ ನಾಗರತ್ನಾ ಮಗಳು ರುಹಿಯನ್ನು ಕರೆದುಕೊಂಡು ಪಡಸಾಲೆಗೆ ಬಂದೇಬಿಟ್ಟಳು. ಅವರ ಹಿಂದೆಯೇ ಅಮೃತವ್ವನ ಜೊತೆಗೆ ನೇಯುತ್ತಾ ಮುದುಕಿಯಾದ ಮಂಜವ್ವ, ಮತ್ತೆ ಓಣಿಯ ಉಳಿದವರು.

ಆಟ ಶುರುವಾಯಿತು. ಟಿವಿಯೊಳಗೆ ಹಸಿರು ಸೀರೆಯುಟ್ಟ ವನಿತಾ ಕೂತಿದ್ದಳು. ಹೊರಗಿನ ವನಿತಾಗೆ ಕೂರಲಾಗಲಿಲ್ಲ. ನೀರು ತಂದಳು, ಯಾರೂ ಕೇಳಿರಲಿಲ್ಲ. ಇಟ್ಟಿದ್ದ ತುಪ್ಪವನ್ನು ಒಳಗೆ ಒಯ್ದು ಮತ್ತೆ ಹೊರಗೆ ತಂದಳು. ಕೂರಬಾರದೇನೇ ಎಂದು ನಾಗರತ್ನಾ ರೇಗಿದರೂ ಕೇಳಿಸಲಿಲ್ಲ. ರಿಮೋಟು ಮಂಜವ್ವನ ತೊಡೆಯ ಕೆಳಗಿತ್ತು, ಅದನ್ನು ಎಳೆಯುವುದು ಹೇಗೆ? ಮೊದಲ ಸುತ್ತಿನಲ್ಲಿ 'ಕೊಡೆ' ಬಂತು, 'ಜಾತ್ರೆ' ಬಂತು. ಮೌನೇಶ ಸರಿ ಹೇಳಿದಾಗಲೆಲ್ಲ ಹೆಂಗಸರು ಅಮೃತವ್ವನ ಕಡೆ ತಿರುಗಿ ನೋಡುತ್ತಿದ್ದರು. ಆಕೆ ಕತ್ತು ಬಗ್ಗಿಸದೆ, ಕಣ್ಣು ಮಿಟುಕಿಸದೆ ಮಗನನ್ನೇ ನೋಡುತ್ತಿದ್ದಳು. ಹೋಳಿಗಿ ಇನ್ನೂ ಬರೂದೈತಿ, ಅದು ಕಡೀಕ ಐತಿ ಎಂದು ಎಲ್ಲರಿಗೂ ಸಮಾಧಾನ ಬೇರೆ ಹೇಳುತ್ತಿದ್ದಳು.

ಕಡೆಯ ಸುತ್ತು ಎಂದು ನಿರೂಪಕಿ ಘೋಷಿಸಿ ಜಾಹೀರಾತು ಬಂದಾಗ ಕರೆಂಟ್ ಹೋಯಿತು.

ಅಯ್ಯೋ ಎಂದು ಪಡಸಾಲೆಗೆ ಪಡಸಾಲೆಯೇ ಉಸಿರು ಬಿಟ್ಟಿತು. ವನಿತಾ ಅಡುಗೆಮನೆಯ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿದಳು. ದೇವರು ಇದ್ದಾನೆ, ಕರೆಂಟಿನ ಕಂಬದಲ್ಲೇ ಇದ್ದಾನೆ ಅಂದುಕೊಂಡಳು. ಆದರೆ ಈಗಿನ ಕಾಲದಲ್ಲಿ ಕರೆಂಟ್ ಹೋದರೆ ಯಾವುದು ತಾನೇ ನಿಲ್ಲುತ್ತದೆ? ಕಾಲೇಜು ಓದುವ ರುಹಿ ಫೋನಿನಲ್ಲಿ ಅದೇ ಚಾನೆಲ್ ಹಚ್ಚಿದ್ದಳು. ಸಣ್ಣ ಪರದೆ, ಎಲ್ಲರಿಗೂ ಕಾಣುವಂತಿರಲಿಲ್ಲ. ನೀವ ಹಿಡ್ಕೋರಿ ಅಜ್ಜಿ, ನಿಮ್ಮ ಮಗಾ ಅಲ್ಲೇನು ಎಂದು ಅಮೃತವ್ವನ ಕೈಗೇ ಕೊಟ್ಟಳು. ಅಮೃತವ್ವ ತುಪ್ಪದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ಫೋನ್ ಹಿಡಿದು ಮೂಗಿನ ಹತ್ತಿರ ತಂದಳು.

ವನಿತಾ ನಿಂತಲ್ಲಿಗೆ ಬರೀ ದನಿ ಕೇಳಿಸಿತು. ಗಡಿಯಾರದ ಸದ್ದು. ನಿಮ್ಮವ್ವ. ಅಂಜಿಕಿ. ಆಮೇಲೆ ಆ ನಗು, ಮುಗಿಯದ ನಗು, ಮೇಲಿಂದ ಚಪ್ಪಾಳೆ.

ನಿನ್ನ ಹೆಸರು ಬೆಂಗಳೂರು ತನಕ ಹೋಯಿತಲ್ಲೇ ಅಮೃತಾ ಎಂದು ಮಂಜವ್ವ ನಗಲು ಹವಣಿಸಿದಳು, ಅರ್ಧಕ್ಕೆ ನಿಂತಿತು. ನಾಗರತ್ನಾಳ ಬಾಯಿ ಸುಮ್ಮನಿರುವಂಥದ್ದಲ್ಲ. ಹಂಗಾರ ಹೋಳಿಗಿ ಎಲ್ಲೆ ಬಂತು ಎಂದು ಕೇಳಿಬಿಟ್ಟಳು. ಮಗಳು ಚಿವುಟಿದ್ದು ಎಲ್ಲರಿಗೂ ಕಂಡಿತು.

"ಹೋಳಿಗಿ ಇಲ್ಲೈತಲ್ಲ, ತಿನ್ನ," ಅಂದಳು ಅಮೃತವ್ವ. ನಾಗರತ್ನಾಳ ತಾಟಿಗೆ ಇನ್ನೊಂದು ಹಾಕಿ, ಮೇಲೆ ತುಪ್ಪ ಹೊಯ್ದಳು. ಮುಖದಲ್ಲಿ ನಗುವಿತ್ತು. ಅತ್ತೆ ಅಂದಮೇಲೆ ಇಷ್ಟಾದರೂ ಅಂಜಿಕೆ ಬೇಡವೇ ಎಂದು ತಾನೇ ನಕ್ಕು, ಉಳಿದವರಿಗೂ ನಗಲು ದಾರಿ ಮಾಡಿಕೊಟ್ಟಳು. ಎಲ್ಲರೂ ನಕ್ಕರು. ಆ ಗದ್ದಲದಲ್ಲಿ ಆಕೆ ರುಹಿಯನ್ನು ಹತ್ತಿರ ಕರೆದು, ಅದನ್ನು ಇನ್ನೊಮ್ಮೆ ಹಚ್ಚು ಎಂದಳು. ರುಹಿ ಹಿಂದಕ್ಕೆ ಸರಿಸಿ ಹಚ್ಚಿಕೊಟ್ಟಳು. ಅಮೃತವ್ವ ಈ ಸಲ ಮಗನ ಮುಖದ ಮೇಲೆ ಬೆರಳಿಟ್ಟುಕೊಂಡು ನೋಡಿದಳು. ನೋಡಿ, ಫೋನ್ ವಾಪಸು ಕೊಟ್ಟಳು.

ಹೆಂಗಸರು ಹೋದರು. ಕರೆಂಟ್ ಬಂದು ಟಿವಿಯಲ್ಲಿ ಯಾವುದೋ ಸೋಪಿನ ಜಾಹೀರಾತು ಕುಣಿಯತೊಡಗಿತು. ವನಿತಾ ಅದನ್ನು ಆರಿಸಿದಳು. ಮಗ್ಗದ ಕೋಣೆಯಿಂದ ಸಪ್ಪಳವಿರಲಿಲ್ಲ. ಹೋಗಿ ನೋಡಿದರೆ ಅಮೃತವ್ವ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು, ನೂಲಿನ ಲಾಳಿ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದಳು. ಅರ್ಧ ನೇಯ್ದ ಸೀರೆಯ ಕೆಂಪು ಸೆರಗು ಎದುರಿಗಿತ್ತು. ಗಂಡ ತೀರಿದ ಮೇಲೆ ಮೌನೇಶನನ್ನು ಈ ಮಗ್ಗದ ಮೇಲೆಯೇ ಸಾಕಿದವಳು. ವನಿತಾ ಬಾಗಿಲಲ್ಲೇ ಕುಕ್ಕರಿಸಿದಳು.

"ತಪ್ಪಾತ್ರಿ ಅತ್ತಿ. ಬಾಯಿ ತಪ್ಪಿ ಬಂತ್ರಿ. ಸುಳ್ಳ ಹೇಳಿದ್ದೂ ತಪ್ಪಾತು."

ವನಿತಾ 'ಇರ್ಲಿ ಬಿಡು'ವಿಗೆ ಕಾದಳು. ಈಗ ಅದೊಂದು ಬಂದರೂ ಸಾಕಿತ್ತು.

"ನೀ ಹೊರಗಿಂದ ಬಂದಾಕಿ," ಅಂದಳು ಅಮೃತವ್ವ. "ನೀ ಅಂದದ್ದಕ್ಕ ನನಗೇನೂ ಇಲ್ಲ. ನಾನೂ ನಮ್ಮತ್ತಿಗೆ ಅಂಜಿದಾಕೀನ. ಆದ್ರ ಅಂವಗ ಒಂದೀಟು ತಡಾ ಆಗಬೇಕಿತ್ತಲ್ಲ. ಅವ್ವ ಅಂದಕೂಡ್ಲೇ ಮದಲ ಬ್ಯಾರೆ ಏನರ ನೆನಪಾಗಬೇಕಿತ್ತು." ಲಾಳಿಯನ್ನು ಬೆರಳಲ್ಲಿ ತಿರುಗಿಸಿದಳು. "ಎರಡ ಸಲ ನೋಡಿದೆ. ವಿಚಾರಾನ ಮಾಡಲಿಲ್ಲ ಅಂವ."

ಆಟದಲ್ಲಿ ಹಂಗೇರಿ, ಗಡಿಯಾರ ಓಡುತ್ತಿರುತ್ತದೆ ಎಂದು ವನಿತಾ ಏನೋ ತೊದಲಿದಳು. ಅದು ಅತ್ತೆಗೆ ಕೇಳಿಸಿದಂತೆ ಕಾಣಲಿಲ್ಲ. ತಾನು ಇಷ್ಟು ದಿನ ಹೆದರಿದ್ದು ಈ ಮುಖಕ್ಕೇನು ಎಂದು ನೋಡಿದಳು. ನೋಡಲಾರದೆ ಎದ್ದು ಬಂದಳು.

ಸಂಜೆ ಮೌನೇಶ ಬೈಕನ್ನು ಓಣಿಯ ತುದಿಯಲ್ಲೇ ಬಂದ್ ಮಾಡಿ ತಳ್ಳಿಕೊಂಡು ಬಂದ. ಪ್ರೆಸ್ಸಿನಲ್ಲಿ ಎಲ್ಲರೂ ನೋಡಿದ್ದರಂತೆ, ದಿನವಿಡೀ ಕಾಡಿದ್ದರಂತೆ. ಅವ್ವ ಏನಂದಳು ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದ. ನೀವೇ ಹೋಗಿ ಕೇಳಿರಿ ಎಂದಳು ವನಿತಾ. ಆಕೆಗೆ ಅವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ತಾನೇ ಅಂದ ಮಾತಿಗೆ ಅವನ ಮೇಲೇಕೆ ಸಿಟ್ಟು ಎಂದು ಯೋಚಿಸುವ ತಾಳ್ಮೆಯೂ ಇರಲಿಲ್ಲ. ಅವನು ಕೇಳಲಿಲ್ಲ. ತಲೆ ತಗ್ಗಿಸಿ ಹೋಳಿಗೆ ತಿಂದ, ಬೆಲ್ಲ ಸರಿಯಾಗಿದೆ ಅಂದ, ಮಲಗಲು ಹೋದ.

ಮರುದಿನ ಬೆಳಿಗ್ಗೆ ಮಗ್ಗ ಎಂದಿನಂತೆ ಬಡಿಯುತ್ತಿತ್ತು. ವನಿತಾ ಒಗ್ಗರಣೆಗೆ ಇಟ್ಟಿದ್ದಳು. ಸಪ್ಪಳ ನಿಂತಿತು. ಕೈ ತಾನಾಗಿ ಹೋಗಿ ಉರಿ ಸಣ್ಣ ಮಾಡಿತು. ಆಕೆ ಕಾದಳು. ಹಿಂದೆ ಯಾರೂ ಬರಲಿಲ್ಲ. ಮುಚ್ಚಳ ಯಾರೂ ಎತ್ತಲಿಲ್ಲ. ಸಾಸಿವೆ ಸಿಡಿದು ಸುಮ್ಮನಾಯಿತು. ಆಗ ಪಡಸಾಲೆಯ ಕಡೆಯಿಂದ ಕೆಮ್ಮು ಕೇಳಿತು, ಬೇಕೆಂದೇ ಕೆಮ್ಮಿದ ಕೆಮ್ಮು.

ತಿರುಗಿ ನೋಡಿದಳು. ಅಮೃತವ್ವ ಅಡುಗೆಮನೆಯ ಹೊಸ್ತಿಲಾಚೆ ನಿಂತಿದ್ದಳು. ಕೈಯಲ್ಲಿ ಖಾಲಿ ಲೋಟವಿತ್ತು.

"ನೀರು ಬೇಕಾಗಿತ್ತು," ಅಂದಳು. "ಒಳಗ ಬರ್ಲೇನು?"

ಬರ್ರಿ ಅನ್ನಬೇಕೆಂದು ವನಿತಾ ಬಾಯಿ ತೆರೆದಳು. ಅಮೃತವ್ವ ಲೋಟ ಹಿಡಿದುಕೊಂಡು, ಹೊಸ್ತಿಲಿಗೆ ಕಾಲು ತಾಗದಂತೆ ಕಾಯುತ್ತಾ ನಿಂತಿದ್ದಳು.