ಸದ್ದು ಕೇಳುವ ಮೇಸ್ತ್ರಿ

ಮೇಸ್ತ್ರಿಯ ನಡಿಗೆಯನ್ನು ಮೊದಲ ಸಲ ನೋಡಿದವರು ಅವರಿಗೆ ನೆಲದ ಮೇಲೆ ಯಾವುದೋ ಹಳೆಯ ಸಿಟ್ಟಿರಬೇಕು ಅಂದುಕೊಳ್ಳುತ್ತಿದ್ದರು. ಬರಿಗಾಲಿನ ಹಿಮ್ಮಡಿಯನ್ನು ಧಪ್ಪೆಂದು ಊರಿ, ತಲೆಯನ್ನು ತುಸು ಓರೆಯಾಗಿಸಿ ಕ್ಷಣಕಾಲ ಆಲಿಸಿ, ಆಮೇಲಷ್ಟೇ ಇನ್ನೊಂದು ಹೆಜ್ಜೆ. ಡೈರಿಯ ಸಿಮೆಂಟು ನೆಲದ ಮೇಲೂ ಇದೇ ನಡಿಗೆ. ಸುಡುಬಿಸಿಲಿನಲ್ಲೂ ಬಿಚ್ಚದ ಖಾಕಿ ಕೋಟಿನೊಳಗೆ ಸೊಂಟಕ್ಕೆ ಸುತ್ತಿಕೊಂಡ ಹಗ್ಗವೊಂದು ಉಬ್ಬಿಕೊಂಡಿರುತ್ತಿತ್ತು.

ನಲವತ್ತು ಹಸುಗಳಿಗೆ ಮೇವು ಬೆಳೆಸುವ ಹೊಣೆ ಅವರದು. ಉಳುವ ಟ್ರ್ಯಾಕ್ಟರ್ ಅವರ ಒಬ್ಬಳೇ ಮಗಳ ಕೈಯಲ್ಲಿ. ಕೊಟ್ಟಿಗೆಯ ಹಿಂದೆ ತಲೆಮಾರಿನಿಂದ ಹುಲ್ಲುಗಾವಲಾಗಿಯೇ ಬಿದ್ದಿದ್ದ ಹೊಲದಲ್ಲಿ ಎಲ್ಲೋ ಒಂದು ಹಾಳುಬಾವಿಯಿತ್ತು. ಅದರ ಬಾಯಿಗೆ ತೊಲೆಗಳನ್ನು ಹಾಸಿ ಮಣ್ಣೆಳೆದು ಮುಚ್ಚಿದವರು ಮೇಸ್ತ್ರಿಯ ತಂದೆಯೇ. ಜಾಗ ತೋರಿಸುತ್ತೇನೆ, ನಾಳೆ ತೋರಿಸುತ್ತೇನೆ ಎನ್ನುತ್ತಿದ್ದವರಿಗೆ ಒಂದು ದಿನ ಇದ್ದಕ್ಕಿದ್ದಂತೆ ಮಾತು ಬಿದ್ದುಹೋಯಿತು. ಗುಟ್ಟು ಅವರೊಂದಿಗೇ ಮಣ್ಣಾಯಿತು. ಹಸುಗಳು ಹೆಚ್ಚಿದ ವರ್ಷ, ಆ ಹೊಲವನ್ನು ಉತ್ತು ಮೇವಿನ ಜೋಳ ಬಿತ್ತಬೇಕೆಂದು ಡೈರಿಯ ಧಣಿ ಹೇಳಿದ ದಿನ ಮೇಸ್ತ್ರಿ ಹಾಳುಬಾವಿಯ ಭಯ ಹೇಳಿಕೊಂಡರು.

"ಬಾವಿ ಸಿಕ್ಕಿದ್ರೆ ಒಳ್ಳೇದೇ ಆಯ್ತು ಮೇಸ್ತ್ರಿ, ನೀರಿಗಾಯ್ತು," ಎಂದು ಧಣಿ ನಕ್ಕರು.

ಉಳುಮೆ ಶುರುವಾಯಿತು. ಹಾರೆ ಹಿಡಿದು ಮೇಸ್ತ್ರಿ ಮುಂದೆ, ಆಮೆಯ ವೇಗದಲ್ಲಿ ಮಗಳ ಟ್ರ್ಯಾಕ್ಟರ್ ಹಿಂದೆ. ನಾಲ್ಕು ಮಾರಿಗೊಮ್ಮೆ ಕೈ ಮೇಲೇಳುತ್ತಿತ್ತು: "ನಿಲ್ಲು. ಸದ್ದು ಬೇರೆ ಆಯ್ತು."

"ಅಪ್ಪಾ, ಹೀಗಾದ್ರೆ ಮಳೆ ಬಿದ್ರೂ ಅರ್ಧ ಹೊಲ ಉಳಿದುಬಿಡುತ್ತೆ."

"ಹೊಲ ಉಳೀಲಿ ಬಿಡು. ನೀನು ಉಳಿದ್ರೆ ಸಾಕು."

ಮೂರನೆಯ ದಿನ ಮೂಲೆಯೊಂದರಲ್ಲಿ ನೆಲ ಟೊಳ್ಳಾಗಿ ಕೇಳಿಸಿತು. ಮಧ್ಯಾಹ್ನದವರೆಗೆ ಅಗೆದರೆ ಸಿಕ್ಕಿದ್ದು ಗೆದ್ದಲು ತಿಂದ ಮರದ ಬೊಡ್ಡೆ. ಆಳುಗಳು ನಕ್ಕರು; ಮೇಸ್ತ್ರಿಯೂ ಪೆಚ್ಚಾಗಿ ನಕ್ಕರು. ಆ ನಗೆಯ ನಾಚಿಕೆಯಿಂದಲೋ ಏನೋ, ಊಟದ ನಂತರ ಹೊಲದ ನಟ್ಟನಡುವೆ ಹಿಮ್ಮಡಿ ಊರಿ ಆಲಿಸಿದವರು ತಡಮಾಡದೆ ಕೈ ಬೀಸಿದರು: "ಬಾ. ಇಲ್ಲಿ ಗಟ್ಟಿ ಇದೆ."

ಮುಂದಿನ ಗಾಲಿಗಳು ದಾಟಿದವು. ಹಿಂದಿನ ಬಲಗಾಲಿ ಗೇಣುದ್ದ ಕುಸಿಯಿತು, ನೆಲದೊಳಗೆಲ್ಲೋ ತೊಲೆ ಲಟಕ್ಕೆಂದು ಮುರಿಯಿತು. ಕೂಗಬೇಕೆಂದು ಮೇಸ್ತ್ರಿ ಬಾಯಿ ತೆರೆದರು. ದನಿಯೇ ಹೊರಡಲಿಲ್ಲ, ಬಿದ್ದವರನ್ನು ಎಳೆಯಲೆಂದೇ ಸೊಂಟಕ್ಕೆ ಸುತ್ತಿಕೊಂಡಿದ್ದ ಹಗ್ಗದತ್ತ ಕೈ ಹೋಗುವುದನ್ನೂ ಮರೆತಿತ್ತು. ಮಗಳೇ ಸರಕ್ಕನೆ ನೇಗಿಲನ್ನು ಮೇಲೆತ್ತಿ, ಇದ್ದಬದ್ದ ವೇಗವನ್ನೆಲ್ಲ ಕೊಟ್ಟು ಗಾಡಿಯನ್ನು ಮುಂದಕ್ಕೆ ಕಿತ್ತಳು. ಅವಳ ಬೆನ್ನ ಹಿಂದೆ ನೆಲ ದುಂಡಗೆ ಕಳಚಿಬಿತ್ತು. ಹೆಂಟೆಗಳು ನೀರು ಮುಟ್ಟಿದ ಸದ್ದು ಬರಲು ಬಹಳ ಹೊತ್ತು ಹಿಡಿಯಿತು.

ಮೇಸ್ತ್ರಿ ಹಾರೆ ಬಿಟ್ಟು ಮಗಳ ಬಳಿಗೆ ಓಡಿದರು. "ನಾನೇ ಬಾ ಅಂದೆನಲ್ಲ," ಎಂದರು.

"ನಂಗೇನೂ ಆಗಿಲ್ಲಪ್ಪ. ನೋಡಿಲ್ಲಿ, ಕೈಕಾಲು ಎಲ್ಲ ಇದೆ."

"ನಾನೇ ಬಾ ಅಂದೆ."

ಧಣಿ ನೀರಿನ ಆಸೆ ಬಿಟ್ಟು ಬಾವಿಗೆ ಕಲ್ಲು ತುಂಬಿಸಿದರು. ಸುತ್ತ ಜೋಳ ಆಳೆತ್ತರ ಬೆಳೆಯಿತು. ಇನ್ನು ಮೇಸ್ತ್ರಿ ನಿಶ್ಚಿಂತರೆಂದು ಎಲ್ಲರೂ ಭಾವಿಸಿದ್ದರೆ, ಮರುವರ್ಷ ಅವರು ಒಂದೊಂದು ಹೆಜ್ಜೆಯನ್ನೂ ಎರಡೆರಡು ಸಲ ಊರುತ್ತಾ ಬಂದರು. ಒಡಲ ಕುಡಿಯ ಪ್ರಾಣವನ್ನು ತಮ್ಮ ಎಚ್ಚರದ ಮೇಲೆ ಹೊತ್ತುಕೊಂಡ ಇಂಥ ಜೀವಗಳಿಗೆ ಗಂಡಾಂತರ ತಪ್ಪಿದ್ದು ಸಮಾಧಾನ ತರುವುದಿಲ್ಲ. ಎಚ್ಚರ ತಪ್ಪಿದ ಆ ಒಂದು ಗಳಿಗೆ ಮಾತ್ರ ಎದೆಯಲ್ಲಿ ಕೂತುಬಿಡುತ್ತದೆ. ಆದರೂ ಅವರು ಮುಂದೆಯೇ ನಡೆಯುತ್ತಾರೆ, ಏಕೆಂದರೆ ಹಿಂದೆ ನಿಂತು ನೋಡುವಷ್ಟು ಧೈರ್ಯ ಅವರಿಗಿರುವುದಿಲ್ಲ.