ಹಿಂದೆ ಬಿದ್ದ ಡಗ್ಗಾ

"ಸುಭಾಸಾ, ಹಾಡಾಕತ್ತಿಯೋ, ಎಮ್ಮಿ ಹೊಡಕೊಂಡು ಹೊಂಟಿಯೋ?"

ಮಠದ ಭಜನೆಯ ನಡುವೆಯೇ ನಿಜಗುಣಪ್ಪ ತಬಲಾದ ಮೇಲಿಂದ ಕೈ ಎತ್ತಿದ. ಹಾರ್ಮೋನಿಯಂ ಹಿಡಿದು ಹಾಡುತ್ತಿದ್ದ ಸುಭಾಸ ತಲೆ ತಗ್ಗಿಸಿದ. ಹೂಲಿಯ ಈ ಭಜನಾ ಮೇಳಕ್ಕೆ ನಲವತ್ತು ವರ್ಷ ತಬಲಾ ಬಾರಿಸಿದವನು ನಿಜಗುಣಪ್ಪ. ಇಲ್ಲಿ ಲಯ ಬಲ್ಲವನು ತಾನೊಬ್ಬನೇ, ಉಳಿದವರೆಲ್ಲ ಪ್ರಸಾದಕ್ಕೆ ಬಂದವರು ಎಂಬುದು ಅವನ ಎಣಿಕೆ. ಎಪ್ಪತ್ತಾರು ತುಂಬಿದ ಮೇಲಂತೂ ಯಾರ ಹಾಡೂ ಅವನ ತಾಳಕ್ಕೆ ಕೂಡುತ್ತಿರಲಿಲ್ಲ.

ಅನುಮಾನ ಬಂದದ್ದು ಮಗಳು ಗಂಗಾಗೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಅಪ್ಪ ತಡವರಿಸುವುದನ್ನು ಕಂಡು ರಾಮದುರ್ಗದ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಒಂದೊಂದೇ ಕೈಯಿಂದ ಮೇಜು ಬಡಿಸಿದರು, ಸರಿಯಿತ್ತು. ಎರಡೂ ಕೈ ಕೂಡಿಸಿ ಬಡಿಸಿದರು, ಹೊಂದಲಿಲ್ಲ.

"ಅಜ್ಜಾರ, ಬಲಗೈ ನಡಸೂದು ಮಿದುಳಿನ ಎಡಭಾಗ, ಎಡಗೈ ನಡಸೂದು ಬಲಭಾಗ. ಎರಡರ ನಡುವ ಸುದ್ದಿ ಮುಟ್ಟಸೂ ನರದ ಕಟ್ಟು ಐತಿ. ವಯಸ್ಸಾದಂಗ ಅದು ಸವೀತೈತಿ. ಒಂದರ ಸುದ್ದಿ ಇನ್ನೊಂದಕ್ಕ ತಡಾಗಿ ಮುಟ್ಟತೈತಿ."

"ನೀವು ಎಂದರ ತಬಲಾದ ಮ್ಯಾಲ ತೀನತಾಲ ಕೇಳೀರೇನ್ರಿ?"

"ಇಲ್ರಿ."

"ಹಂಗಾರ ಸುಮ್ಮನಿರ್ರಿ."

ಬಸ್ಸಿನಲ್ಲಿ ಹೂಲಿ ಮುಟ್ಟುವವರೆಗೂ ಡಾಕ್ಟರನ್ನು ಬೈದ.

ಒಂದು ಬೆಳಿಗ್ಗೆ ಗಂಗಾ ಅಪ್ಪನ ತಬಲಾ ರಿಯಾಜನ್ನು ಮರೆಯಲ್ಲಿ ನಿಂತು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಳು. ಮರುದಿನ ಅವನು ಚಹಾ ಕುಡಿಯುವಾಗ ಯಾರದೆಂದು ಹೇಳದೆ ಅದನ್ನು ಹಚ್ಚಿದಳು. ನಿಜಗುಣಪ್ಪ ಎರಡು ಆವರ್ತ ಕೇಳಿ ಮುಖ ಕಿವಿಚಿದ.

"ಯಾವ ಅಡ್ನಾಡಿ ಇವ? ಬಲಗೈ ತಬಲಾ ಊರ ಅಗಸಿ ಮುಟ್ಟೇತಿ, ಎಡಗೈ ಡಗ್ಗಾ ಇನ್ನೂ ಮನ್ಯಾಗ ಚಪ್ಪಲಿ ಹುಡಕಾಕತ್ತೈತಿ."

ಮೊಬೈಲಿನೊಳಗೆ ಬಾರಿಸುತ್ತಿದ್ದವನು ಕೈ ನಿಲ್ಲಿಸಿ ಕೆಮ್ಮಿದ. ಆ ಕೆಮ್ಮು ನಿಜಗುಣಪ್ಪನದೇ.

ಅವನು ಚಹಾದ ಬಸಿ ಕೆಳಗಿಟ್ಟ. "ಇನ್ನೊಮ್ಮಿ ಹಚ್ಚು," ಎಂದ. ಮೂರು ಸಲ ಕೇಳಿದ. ಚಹಾ ಕೆನೆಗಟ್ಟಿತು.

ಸೋಮವಾರ ಮಠದಲ್ಲಿ, ಚಿಕ್ಕಂದಿನಲ್ಲಿ ತನ್ನಿಂದಲೇ ಬೈಸಿಕೊಂಡು ಕಲಿತಿದ್ದ ಗಂಗಾಳ ಮುಂದೆ ತಬಲಾ, ಡಗ್ಗಾ ಎರಡನ್ನೂ ಸರಿಸಿದ.

"ಕುಂದರು. ನಿನಗೂ ಏನೂ ಬರೂದಿಲ್ಲ. ಆದ್ರ ಎರಡೂ ಕೈ ಒಬ್ಬಾಕೀವ ಅದಾವು."

ಸುಭಾಸ ನಂಬದೆ ನೋಡುತ್ತಿದ್ದ. ನಿಜಗುಣಪ್ಪ ಅವನತ್ತ ತಿರುಗಿದ.

"ಅವತ್ತ ನಿನ್ನ ತಾಳ ಸರಿನ ಇತ್ತು. ದನಿ ಚಲೋ ಇಲ್ಲ, ಅದು ಬ್ಯಾರೆ ಮಾತು. ಹಾಡು."

ಹಿಂದಿನ ಸಾಲಿಗೆ ಹೋಗಿ ಕಂಬಕ್ಕೆ ಒರಗಿ ಕುಳಿತ. ಹಾಡು ಶುರುವಾಯಿತು. ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಬಲಗೈಯ ಒಂದೇ ಬೆರಳನ್ನು ಮೊಣಕಾಲ ಮೇಲೆ ಆಡಿಸತೊಡಗಿದ.